ಚರ್ಮದ ಬಯಾಪ್ಸಿ

ಚರ್ಮದ ಬಯಾಪ್ಸಿ ಎಂಬುದು ಚರ್ಮದ ಸಣ್ಣ ತುಣುಕೊಂದನ್ನು ದೇಹದಿಂದ ತೆಗೆದು, ಪ್ರಯೋಗಾಲಯದಲ್ಲಿ ಸಂಸ್ಕರಿಸಿ, ಸೂಕ್ಷ್ಮದರ್ಶಕದ ಅಡಿಯಲ್ಲಿ ಪರೀಕ್ಷಿಸುವ ರೋಗನಿರ್ಣಯ ವಿಧಾನವಾಗಿದೆ. ಚರ್ಮದ ಮೇಲೆ ಕಾಣಿಸಿಕೊಳ್ಳುವ ಗಂಟು, ಮಚ್ಚೆ, ಹುಣ್ಣು, ನೀರುಗುಳ್ಳೆ, ಬಣ್ಣಗೆಟ್ಟ ಕಲೆ ಮೊದಲಾದವುಗಳ ಕಾರಣವನ್ನು ಬರಿಗಣ್ಣಿನ ಪರೀಕ್ಷೆಯಿಂದ ನಿಶ್ಚಯಿಸಲು ಸಾಧ್ಯವಾಗದಿದ್ದಾಗ ಇದನ್ನು ಬಳಸಲಾಗುತ್ತದೆ. ತುಣುಕನ್ನು ತೆಗೆಯುವವರು ಸಾಮಾನ್ಯವಾಗಿ ಚರ್ಮರೋಗ ತಜ್ಞರು ಅಥವಾ ಶಸ್ತ್ರಚಿಕಿತ್ಸಕರು. ಅದನ್ನು ಪರೀಕ್ಷಿಸಿ ವರದಿ ಬರೆಯುವವರು ರೋಗಶಾಸ್ತ್ರಜ್ಞರು, ಅಂದರೆ ಪೆಥಾಲಜಿಸ್ಟರು.

ಬಯಾಪ್ಸಿ ಎಂಬ ಪದವು ಜನಸಾಮಾನ್ಯರ ಮನಸ್ಸಿನಲ್ಲಿ ಕ್ಯಾನ್ಸರಿನೊಂದಿಗೆ ಬೆಸೆದುಕೊಂಡಿದೆ. ಆದರೆ ಸೋರಿಯಾಸಿಸ್, ಇಸುಬು, ಕುಷ್ಠರೋಗ, ಶಿಲೀಂಧ್ರದ ಸೋಂಕು, ನೀರುಗುಳ್ಳೆಯ ಕಾಯಿಲೆಗಳು, ಕೂದಲು ಉದುರುವಿಕೆ ಮುಂತಾದ ಹಲವು ಸ್ಥಿತಿಗಳಲ್ಲಿಯೂ ಚರ್ಮದ ಬಯಾಪ್ಸಿ ಮಾಡಲಾಗುತ್ತದೆ. ಅದರ ವರದಿಯು ತಾನಾಗಿಯೇ ಅಂತಿಮ ತೀರ್ಪಲ್ಲ. ತುಣುಕನ್ನು ಎಲ್ಲಿಂದ, ಯಾವ ಹಂತದಲ್ಲಿ, ಎಷ್ಟು ಆಳದವರೆಗೆ ತೆಗೆಯಲಾಯಿತು ಎಂಬುದನ್ನೂ ರೋಗಿಯ ಚರ್ಮದಲ್ಲಿ ವೈದ್ಯರು ಕಂಡ ಲಕ್ಷಣಗಳನ್ನೂ ಸೇರಿಸಿ ಓದಿದಾಗ ಮಾತ್ರ ಅದರ ಅರ್ಥ ಪೂರ್ಣಗೊಳ್ಳುತ್ತದೆ.

ಹೆಸರು ಮತ್ತು ಇತಿಹಾಸ

ಬಯಾಪ್ಸಿ ಎಂಬ ಪದವು ಜೀವ ಎಂಬರ್ಥದ 'ಬಯೋಸ್' ಮತ್ತು ನೋಟ ಎಂಬರ್ಥದ 'ಆಪ್ಸಿಸ್' ಎಂಬ ಗ್ರೀಕ್ ಪದಗಳಿಂದ ಬಂದಿದೆ. ಇದನ್ನು 1879ರಲ್ಲಿ ಬಳಕೆಗೆ ತಂದವರು ಫ್ರೆಂಚ್ ಚರ್ಮರೋಗ ತಜ್ಞ ಅರ್ನೆಸ್ಟ್ ಬೆನ್ಯೆ. ಮರಣಾನಂತರ ನಡೆಸುವ ಶವಪರೀಕ್ಷೆಗೆ ಪ್ರತಿಯಾಗಿ, ಜೀವಂತ ವ್ಯಕ್ತಿಯ ಅಂಗಾಂಶವನ್ನು ನೋಡುವುದು ಎಂಬ ಭಾವ ಈ ಪದದಲ್ಲಿದೆ.

1887ರಲ್ಲಿ ಅಮೆರಿಕದ ವೈದ್ಯ ಎಡ್ವರ್ಡ್ ಲಾರೆನ್ಸ್ ಕೀಸ್ ಚರ್ಮವನ್ನು ದುಂಡಗೆ ಕತ್ತರಿಸುವ ಕೊಳವೆಯಾಕಾರದ ಉಪಕರಣವೊಂದನ್ನು ವಿವರಿಸಿದರು. ಇಂದು ಪಂಚ್ ಬಯಾಪ್ಸಿಯಲ್ಲಿ ಬಳಸುವ, ಒಮ್ಮೆ ಬಳಸಿ ಎಸೆಯುವ ಉಪಕರಣವು ಅದರದೇ ಮುಂದುವರಿದ ರೂಪ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಯಾಪ್ಸಿಯ ಫಲಿತಾಂಶವನ್ನು ಅಳತೆಯ ರೂಪದಲ್ಲಿ ಹೇಳುವ ಕ್ರಮಗಳು ಬೆಳೆದವು. ಕುಷ್ಠರೋಗಕ್ಕೆ ರಿಡ್ಲಿ ಮತ್ತು ಜಾಪ್ಲಿಂಗ್ 1966ರಲ್ಲಿ ಪ್ರಕಟಿಸಿದ ವರ್ಗೀಕರಣ ಹಾಗೂ ಮೆಲನೋಮ ಎಂಬ ಕ್ಯಾನ್ಸರಿನ ಆಳವನ್ನು ಮಿಲಿಮೀಟರಿನಲ್ಲಿ ಅಳೆಯಲು ಅಲೆಕ್ಸಾಂಡರ್ ಬ್ರೆಸ್ಲೋ 1970ರಲ್ಲಿ ಸೂಚಿಸಿದ ವಿಧಾನ ಇವುಗಳಲ್ಲಿ ಮುಖ್ಯವಾದವು.

ಚರ್ಮದ ರಚನೆ

ಬಯಾಪ್ಸಿಯ ವಿಧಗಳನ್ನೂ ವರದಿಯನ್ನೂ ತಿಳಿಯಲು ಚರ್ಮದ ಪದರಗಳ ಪರಿಚಯ ಅಗತ್ಯ. ಚರ್ಮದಲ್ಲಿ ಮೇಲಿನಿಂದ ಕೆಳಕ್ಕೆ ಮೂರು ಭಾಗಗಳಿವೆ. ಎಪಿಡರ್ಮಿಸ್ ಎಂಬ ಹೊರಚರ್ಮವು ಒಂದರ ಮೇಲೊಂದು ಜೋಡಿಸಿದ ಜೀವಕೋಶಗಳ ತೆಳುವಾದ ಪದರ. ಇದರ ತಳಭಾಗದಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಎಂಬ ಜೀವಕೋಶಗಳಿರುತ್ತವೆ. ಡರ್ಮಿಸ್ ಎಂಬ ಒಳಚರ್ಮದಲ್ಲಿ ಕೊಲಾಜೆನ್ ನಾರುಗಳು, ರಕ್ತನಾಳಗಳು, ನರಗಳು, ಬೆವರಿನ ಗ್ರಂಥಿಗಳು ಮತ್ತು ಕೂದಲಿನ ಬುಡಗಳಿವೆ. ಅದರ ಕೆಳಗೆ ಕೊಬ್ಬಿನ ಪದರವಿದೆ. ಹೊರಚರ್ಮ ಮತ್ತು ಒಳಚರ್ಮಗಳ ನಡುವಿನ ಗಡಿಯನ್ನು ತಳಪೊರೆ ಎನ್ನಲಾಗುತ್ತದೆ. ಗಡ್ಡೆಯೊಂದು ಈ ತಳಪೊರೆಯನ್ನು ದಾಟಿದೆಯೇ ಇಲ್ಲವೇ ಎಂಬುದು ವರದಿಯ ಅತಿ ಮುಖ್ಯ ಪ್ರಶ್ನೆಗಳಲ್ಲಿ ಒಂದು.

ಪ್ರತಿಯೊಂದು ಕಾಯಿಲೆಗೂ ತನ್ನದೇ ನೆಲೆಯಿದೆ. ಸೋರಿಯಾಸಿಸ್‌ನ ಮುಖ್ಯ ಬದಲಾವಣೆಗಳು ಹೊರಚರ್ಮದಲ್ಲಿ ಮತ್ತು ಒಳಚರ್ಮದ ಮೇಲ್ಭಾಗದಲ್ಲಿ ಕಾಣುತ್ತವೆ. ಕುಷ್ಠರೋಗದ ಕುರುಹುಗಳು ಒಳಚರ್ಮದ ನರಗಳ ಸುತ್ತ ಇರುತ್ತವೆ. ಕಾಲಿನಲ್ಲಿ ನೋವಿನ ಗಂಟುಗಳನ್ನು ಉಂಟುಮಾಡುವ ಎರಿತೀಮ ನೋಡೋಸಮ್ ಎಂಬ ಕಾಯಿಲೆಯ ನೆಲೆ ಕೊಬ್ಬಿನ ಪದರ. ಆದುದರಿಂದ ಶಂಕಿತ ಕಾಯಿಲೆ ಯಾವ ಆಳದಲ್ಲಿದೆಯೋ ಆ ಆಳವನ್ನು ಮುಟ್ಟದ ತುಣುಕು ಎಷ್ಟು ಚೆನ್ನಾಗಿ ಸಂಸ್ಕರಿಸಿದರೂ ಉತ್ತರ ನೀಡಲಾರದು.

ಬಯಾಪ್ಸಿ ಯಾವಾಗ ಅಗತ್ಯ

ಚರ್ಮದ ಬಹುತೇಕ ಸಾಮಾನ್ಯ ಕಾಯಿಲೆಗಳಿಗೆ ಬಯಾಪ್ಸಿ ಬೇಕಾಗುವುದಿಲ್ಲ. ಗಜಕರ್ಣ, ಕಜ್ಜಿ, ಮೊಡವೆ, ನರುಲಿ, ತೊನ್ನು ಮುಂತಾದವುಗಳನ್ನು ಅನುಭವಿ ವೈದ್ಯರು ನೋಟದಿಂದ ಅಥವಾ ಸರಳ ಪರೀಕ್ಷೆಗಳಿಂದ ಗುರುತಿಸುತ್ತಾರೆ. ಬಯಾಪ್ಸಿಯನ್ನು ಸಾಮಾನ್ಯವಾಗಿ ಸೂಚಿಸುವ ಸಂದರ್ಭಗಳು ಹೀಗಿವೆ:

• ಮಚ್ಚೆಯ ಗಾತ್ರ, ಆಕಾರ ಅಥವಾ ಬಣ್ಣ ಬದಲಾಗುತ್ತಿರುವುದು; ವಯಸ್ಕರಲ್ಲಿ ಉಳಿದ ಮಚ್ಚೆಗಳಿಗಿಂತ ಭಿನ್ನವಾದ ಹೊಸ ಮಚ್ಚೆ ಕಾಣಿಸಿಕೊಳ್ಳುವುದು.
• ಮಾಯದ ಹುಣ್ಣು. ಹಳೆಯ ಸುಟ್ಟಗಾಯದ ಕಲೆಯಲ್ಲಿ ಅಥವಾ ದೀರ್ಘಕಾಲದ ಗಾಯದಲ್ಲಿ ಬೆಳೆಯುತ್ತಿರುವ ಗಂಟು.
• ಸರಿಯಾದ ಚಿಕಿತ್ಸೆಗೂ ಬಗ್ಗದೆ ಉಳಿದ ದದ್ದು.
• ಕಾರಣ ತಿಳಿಯದ ನೀರುಗುಳ್ಳೆಗಳು.
• ಕುಷ್ಠರೋಗ, ಚರ್ಮದ ಕ್ಷಯ ಅಥವಾ ಆಳದ ಶಿಲೀಂಧ್ರ ಸೋಂಕಿನ ಶಂಕೆ.
• ಕಲೆಯುಳಿಸಿ ಕೂದಲು ಉದುರಿಸುವ ನೆತ್ತಿಯ ಕಾಯಿಲೆ.
• ದೀರ್ಘಕಾಲ ಪ್ರಬಲ ಔಷಧಿಗಳನ್ನು ಕೊಡಬೇಕಾದ ಕಾಯಿಲೆಗಳಲ್ಲಿ, ಚಿಕಿತ್ಸೆ ಆರಂಭಿಸುವ ಮೊದಲು ರೋಗನಿರ್ಣಯವನ್ನು ದೃಢಪಡಿಸಿಕೊಳ್ಳುವುದು.

ಕಪ್ಪು ಅಥವಾ ಕಂದು ಮೈಬಣ್ಣದವರಲ್ಲಿ ಮೆಲನೋಮ ವಿರಳ. ಅದು ಬಂದಾಗ ಅಂಗಾಲು, ಅಂಗೈ ಮತ್ತು ಉಗುರಿನ ಅಡಿಭಾಗಗಳಲ್ಲಿ ಕಾಣಿಸಿಕೊಳ್ಳುವ ಪ್ರಮಾಣ ಬಿಳಿಯರಿಗಿಂತ ಹೆಚ್ಚು. ಅಂಗಾಲಿನ ಕಪ್ಪು ಕಲೆಯನ್ನು ಆಣಿಯೆಂದೋ ಉಗುರಿನ ಕಪ್ಪು ಪಟ್ಟಿಯನ್ನು ಪೆಟ್ಟಿನಿಂದಾದ ರಕ್ತಗಟ್ಟುವಿಕೆಯೆಂದೋ ಭಾವಿಸುವುದರಿಂದ ರೋಗನಿರ್ಣಯ ತಡವಾಗುವುದುಂಟು. ಇಂತಹ ಕಲೆ ಹಿಗ್ಗುತ್ತಿದ್ದರೆ ಬಯಾಪ್ಸಿಯ ಅಗತ್ಯವನ್ನು ತಜ್ಞರು ಪರಿಶೀಲಿಸುತ್ತಾರೆ.

ವಿಧಗಳು

ಶೇವ್ ಬಯಾಪ್ಸಿಯಲ್ಲಿ ಚರ್ಮದ ಮೇಲೆ ಎದ್ದುಕಂಡ ಭಾಗವನ್ನು ಬ್ಲೇಡಿನಿಂದ ಅಡ್ಡಲಾಗಿ ಹೆರೆದು ತೆಗೆಯಲಾಗುತ್ತದೆ. ಇದಕ್ಕೆ ಹೊಲಿಗೆ ಬೇಕಿಲ್ಲ. ಮೇಲ್ಪದರದ ಬೆಳವಣಿಗೆಗಳಿಗೆ ಇದು ಅನುಕೂಲಕರ. ಆದರೆ ಮೆಲನೋಮದ ಶಂಕೆಯಿರುವ ಮಚ್ಚೆಯನ್ನು ತೀರ ಮೇಲುಮೇಲಾಗಿ ಹೆರೆದರೆ ಗಡ್ಡೆಯ ತಳಭಾಗ ಚರ್ಮದಲ್ಲಿಯೇ ಉಳಿದು, ಅದರ ನಿಜವಾದ ಆಳವನ್ನು ಅಳೆಯುವ ಅವಕಾಶ ತಪ್ಪಿಹೋಗುತ್ತದೆ.

ಪಂಚ್ ಬಯಾಪ್ಸಿಯಲ್ಲಿ ದುಂಡನೆಯ ಹರಿತ ಅಂಚುಳ್ಳ ಉಪಕರಣವನ್ನು ಚರ್ಮದ ಮೇಲಿಟ್ಟು ತಿರುಗಿಸುತ್ತಾ ಒತ್ತಿ, ಕೊಬ್ಬಿನ ಪದರದವರೆಗಿನ ಸಣ್ಣ ಕಂಬದಂತಹ ತುಣುಕನ್ನು ತೆಗೆಯಲಾಗುತ್ತದೆ. ಉಪಕರಣದ ವ್ಯಾಸ ಸಾಮಾನ್ಯವಾಗಿ 2ರಿಂದ 8 ಮಿಲಿಮೀಟರ್. ಹೆಚ್ಚು ಬಳಕೆಯಲ್ಲಿರುವುದು 3 ಮತ್ತು 4 ಮಿಲಿಮೀಟರಿನವು. ಗಾಯಕ್ಕೆ ಒಂದೆರಡು ಹೊಲಿಗೆ ಸಾಕಾಗುತ್ತದೆ. ದದ್ದುಗಳು ಮತ್ತು ಕುಷ್ಠರೋಗದಂತಹ ಕಾಯಿಲೆಗಳ ಪರೀಕ್ಷೆಗೆ ಇದೇ ಸಾಮಾನ್ಯ ವಿಧಾನ.

ಇನ್ಸಿಶನಲ್ ಬಯಾಪ್ಸಿಯಲ್ಲಿ ದೊಡ್ಡ ಗಡ್ಡೆಯ ಒಂದು ಭಾಗವನ್ನಷ್ಟೇ ಕತ್ತರಿಸಿ ತೆಗೆಯಲಾಗುತ್ತದೆ. ಎಕ್ಸಿಶನಲ್ ಬಯಾಪ್ಸಿಯಲ್ಲಿ ಬೆಳವಣಿಗೆಯನ್ನು ಸುತ್ತಲಿನ ಸ್ವಲ್ಪ ಆರೋಗ್ಯಕರ ಚರ್ಮದೊಂದಿಗೆ ಇಡಿಯಾಗಿ ತೆಗೆಯಲಾಗುತ್ತದೆ. ಮೆಲನೋಮದ ಶಂಕೆಯಿರುವ ಮಚ್ಚೆಗೆ, ಸಾಧ್ಯವಿದ್ದಲ್ಲಿ, ಇಡಿಯಾಗಿ ತೆಗೆಯುವ ವಿಧಾನಕ್ಕೆ ಆದ್ಯತೆ ನೀಡಲಾಗುತ್ತದೆ.

ಜಾಗದ ಆಯ್ಕೆ

ಬಯಾಪ್ಸಿ ಉತ್ತರ ನೀಡುವುದೇ ಇಲ್ಲವೇ ಎಂಬುದು ಬಹುಮಟ್ಟಿಗೆ ಜಾಗದ ಆಯ್ಕೆಯ ಮೇಲೆ ನಿಂತಿದೆ. ಬಹುತೇಕ ದದ್ದುಗಳಲ್ಲಿ ಚೆನ್ನಾಗಿ ಬೆಳೆದ, ಆದರೆ ಕೆರೆತದಿಂದ ಹಾಳಾಗದ ಜಾಗವನ್ನು ಆರಿಸಲಾಗುತ್ತದೆ. ನೀರುಗುಳ್ಳೆಗಳಲ್ಲಿ ಹೊಸದಾಗಿ ಎದ್ದ ಗುಳ್ಳೆಯ ಅಂಚು ಸೂಕ್ತ; ಹಳೆಯ ಗುಳ್ಳೆಯು ಮಾಯಲಾರಂಭಿಸಿದಾಗ ಅದರ ತಳದಲ್ಲಿ ಹೊಸ ಚರ್ಮ ಬೆಳೆದು ಗುಳ್ಳೆ ಯಾವ ಪದರದಲ್ಲಿ ಹುಟ್ಟಿತೆಂಬುದನ್ನು ಮರೆಮಾಚುತ್ತದೆ. ರಕ್ತನಾಳಗಳ ಉರಿಯೂತದಲ್ಲಿ ಒಂದೆರಡು ದಿನಗಳೊಳಗೆ ಕಾಣಿಸಿಕೊಂಡ ಕಲೆಯನ್ನು ಆರಿಸಬೇಕಾಗುತ್ತದೆ. ಹುಣ್ಣಿನಲ್ಲಿ ನಡುಭಾಗ ಕೊಳೆತಿರುವ ಸಾಧ್ಯತೆಯಿರುವುದರಿಂದ ಅಂಚಿನಿಂದ ತುಣುಕನ್ನು ತೆಗೆಯಲಾಗುತ್ತದೆ.

ಇಮ್ಯುನೋಫ್ಲೋರೆಸೆನ್ಸ್ ಎಂಬ ಪರೀಕ್ಷೆಗಾಗಿ ಗುಳ್ಳೆಯ ಪಕ್ಕದ, ನೋಡಲು ಆರೋಗ್ಯಕರವಾಗಿರುವ ಚರ್ಮದಿಂದ ಎರಡನೆಯ ತುಣುಕೊಂದನ್ನು ತೆಗೆಯಲಾಗುತ್ತದೆ. ಗುಳ್ಳೆಯೊಳಗೆ ಪ್ರತಿಕಾಯಗಳು ನಾಶವಾಗಿರಬಹುದಾದ ಕಾರಣ ಈ ಎಚ್ಚರಿಕೆ ಅಗತ್ಯ. ಕಾಯಿಲೆಯಿಲ್ಲದಂತೆ ಕಾಣುವ ಜಾಗದಿಂದಲೂ ತುಣುಕು ತೆಗೆದುದೇಕೆ ಎಂಬ ರೋಗಿಗಳ ಸಹಜ ಸಂದೇಹಕ್ಕೆ ಇದೇ ಉತ್ತರ.

ಬಯಾಪ್ಸಿಗೆ ಮುನ್ನ ಹಚ್ಚಿದ ಮುಲಾಮುಗಳೂ ಫಲಿತಾಂಶದ ಮೇಲೆ ಪರಿಣಾಮ ಬೀರುತ್ತವೆ. ಔಷಧಿ ಅಂಗಡಿಯಿಂದ ವೈದ್ಯರ ಸಲಹೆಯಿಲ್ಲದೆ ತಂದು ಹಚ್ಚಿದ ಸ್ಟೀರಾಯ್ಡ್ ಮುಲಾಮು ಉರಿಯೂತವನ್ನು ತಗ್ಗಿಸಿ ಕಾಯಿಲೆಯ ವಿಶಿಷ್ಟ ಲಕ್ಷಣಗಳನ್ನು ಅಳಿಸಬಲ್ಲದು. ಆದ್ದರಿಂದ ಹಿಂದೆ ಬಳಸಿದ ಎಲ್ಲ ಔಷಧಿಗಳ ವಿವರವನ್ನು ವೈದ್ಯರಿಗೆ ತಿಳಿಸುವುದು ಮುಖ್ಯ.

ನಡೆಸುವ ಕ್ರಮ

ಚರ್ಮದ ಬಯಾಪ್ಸಿಗೆ ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾಗುವ ಅಥವಾ ಉಪವಾಸವಿರುವ ಅಗತ್ಯವಿಲ್ಲ. ರಕ್ತ ತೆಳುವಾಗಿಸುವ ಔಷಧಿಗಳ ಸೇವನೆ, ಔಷಧಿಗಳ ಅಲರ್ಜಿ, ರಕ್ತಸ್ರಾವದ ಕಾಯಿಲೆ, ಹೃದಯದ ಪೇಸ್‌ಮೇಕರ್, ಗಾಯದ ಕಲೆಗಳು ಉಬ್ಬುವ ಪ್ರವೃತ್ತಿ ಇವುಗಳನ್ನು ಮೊದಲೇ ವಿಚಾರಿಸಲಾಗುತ್ತದೆ. ರಕ್ತ ತೆಳುವಾಗಿಸುವ ಔಷಧಿಯನ್ನು ರೋಗಿಯು ತಾನಾಗಿಯೇ ನಿಲ್ಲಿಸುವುದು ಅಪಾಯಕಾರಿ. ಸಣ್ಣ ಬಯಾಪ್ಸಿಗಳಿಗೆ ಅದನ್ನು ನಿಲ್ಲಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಜಾಗವನ್ನು ಗುರುತುಹಾಕಿ, ಶುಚಿಗೊಳಿಸಿ, ಲಿಡೋಕೇನ್ ಎಂಬ ಅರಿವಳಿಕೆಯನ್ನು ಸೂಜಿಯ ಮೂಲಕ ನೀಡಲಾಗುತ್ತದೆ. ಸೂಜಿಯ ಕ್ಷಣದಲ್ಲಿ ಚುರುಕು ಉರಿ ಇರುತ್ತದೆ. ಆನಂತರ ಒತ್ತಡ ತಿಳಿಯುವುದೇ ಹೊರತು ನೋವು ತಿಳಿಯುವುದಿಲ್ಲ. ತುಣುಕನ್ನು ತೆಗೆಯಲು ಕೆಲವೇ ನಿಮಿಷಗಳು ಸಾಕು. ತೆಗೆದ ತುಣುಕನ್ನು ಇಕ್ಕಳದಿಂದ ಜಜ್ಜದಂತೆ ಎತ್ತಿ, ಫಾರ್ಮಲಿನ್ ದ್ರಾವಣವಿರುವ ಸೀಸೆಗೆ ಹಾಕಿ, ಹೆಸರು ಮತ್ತು ಜಾಗವನ್ನು ನಮೂದಿಸಲಾಗುತ್ತದೆ. ಸೋಂಕಿನ ಜೀವಿಯನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಫಾರ್ಮಲಿನ್ ಸಲ್ಲದು, ಏಕೆಂದರೆ ಅದು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಅಂತಹ ತುಣುಕನ್ನು ಕ್ರಿಮಿರಹಿತ ಲವಣದ್ರಾವಣದಲ್ಲಿ ಕಳುಹಿಸಲಾಗುತ್ತದೆ. ಇಮ್ಯುನೋಫ್ಲೋರೆಸೆನ್ಸ್ ಪರೀಕ್ಷೆಯ ತುಣುಕಿಗೆ ಮಿಷೆಲ್ ದ್ರಾವಣವೆಂಬ ಬೇರೆಯೇ ದ್ರಾವಣ ಬಳಕೆಯಲ್ಲಿದೆ.

ಸೀಸೆಯ ಜೊತೆಗೆ ಹೋಗುವ ಕೋರಿಕೆಯ ಪತ್ರಕ್ಕೆ ಸೀಸೆಯಷ್ಟೇ ಮಹತ್ವವಿದೆ. ರೋಗಿಯ ವಯಸ್ಸು, ಕಾಯಿಲೆಯ ಅವಧಿ, ಜಾಗ, ಲಕ್ಷಣಗಳು, ಪಡೆದ ಚಿಕಿತ್ಸೆ ಮತ್ತು ವೈದ್ಯರು ಶಂಕಿಸಿರುವ ಕಾಯಿಲೆಗಳನ್ನು ಅದರಲ್ಲಿ ಬರೆಯಲಾಗುತ್ತದೆ. ಈ ವಿವರಗಳಿಲ್ಲದಿದ್ದರೆ ರೋಗಶಾಸ್ತ್ರಜ್ಞರು ಪ್ರಶ್ನೆ ತಿಳಿಯದೆ ಉತ್ತರ ಹುಡುಕಬೇಕಾಗುತ್ತದೆ.

ಪ್ರಯೋಗಾಲಯದ ಸಂಸ್ಕರಣೆ

ಫಾರ್ಮಲಿನ್ ಅಂಗಾಂಶವನ್ನು ಕೊಳೆಯದಂತೆ ಸ್ಥಿರಗೊಳಿಸುತ್ತದೆ. ಆನಂತರ ತುಣುಕಿನ ನೀರಿನಂಶವನ್ನು ತೆಗೆದು, ಕರಗಿದ ಮೇಣದಲ್ಲಿ ಅದ್ದಿ, ಗಟ್ಟಿಯಾದ ಅಚ್ಚನ್ನು ತಯಾರಿಸಲಾಗುತ್ತದೆ. ಇದಕ್ಕೆ ಬ್ಲಾಕ್ ಎಂದು ಹೆಸರು. ಮೈಕ್ರೋಟೋಮ್ ಎಂಬ ಯಂತ್ರದಿಂದ ಬ್ಲಾಕನ್ನು 3ರಿಂದ 5 ಮೈಕ್ರೋಮೀಟರ್ ದಪ್ಪದ ಹಾಳೆಗಳಾಗಿ ಸೀಳಿ, ಗಾಜಿನ ಸ್ಲೈಡಿನ ಮೇಲೆ ಹರಡಿ, ಬಣ್ಣ ಹಾಕಲಾಗುತ್ತದೆ. ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಎಂಬ ಜೋಡಿ ಬಣ್ಣಗಳು ಸಾರ್ವತ್ರಿಕ ಬಳಕೆಯಲ್ಲಿವೆ. ಮೊದಲನೆಯದು ಜೀವಕೋಶದ ಕೇಂದ್ರಕ್ಕೆ ನೀಲಿಯನ್ನೂ ಎರಡನೆಯದು ಉಳಿದ ಭಾಗಕ್ಕೆ ಗುಲಾಬಿಯನ್ನೂ ಕೊಡುತ್ತದೆ.

ಅಗತ್ಯವಿದ್ದಾಗ ವಿಶೇಷ ಬಣ್ಣಗಳನ್ನು ಬಳಸಲಾಗುತ್ತದೆ. ಶಿಲೀಂಧ್ರಗಳನ್ನು ಕಾಣಲು ಪಿಎಎಸ್, ಅಮಿಲಾಯ್ಡ್ ಎಂಬ ಪ್ರೋಟೀನಿನ ಶೇಖರಣೆಗೆ ಕಾಂಗೋ ರೆಡ್, ಕುಷ್ಠರೋಗದ ಬ್ಯಾಕ್ಟೀರಿಯಾಗಳಿಗೆ ಫೈಟ್ ವಿಧಾನ ಇದಕ್ಕೆ ಉದಾಹರಣೆಗಳು. ಕುಷ್ಠರೋಗದ ಬ್ಯಾಕ್ಟೀರಿಯಾದ ಮೇಣದಂತಹ ಹೊದಿಕೆಯು ಸಾಮಾನ್ಯ ಸಂಸ್ಕರಣೆಯಲ್ಲಿ ಸುಲಭವಾಗಿ ಹಾಳಾಗುವುದರಿಂದ ಫೈಟ್ ವಿಧಾನದಲ್ಲಿ ಅದನ್ನು ಕಾಪಾಡಲು ಕಡಲೆಕಾಯಿ ಎಣ್ಣೆಯನ್ನು ಬಳಸಲಾಗುತ್ತದೆ. ಇಮ್ಯುನೋಹಿಸ್ಟೋಕೆಮಿಸ್ಟ್ರಿ ಎಂಬ ವಿಧಾನವು ಪ್ರತಿಕಾಯಗಳ ನೆರವಿನಿಂದ ಜೀವಕೋಶದ ಮೂಲವನ್ನು ಗುರುತಿಸುತ್ತದೆ. ಎಸ್-100, ಸಾಕ್ಸ್-10, ಮೆಲಾನ್-ಎ ಮೊದಲಾದ ಗುರುತುಗಳು ಮೆಲನೋಸೈಟ್ ಮೂಲದ ಗಡ್ಡೆಗಳನ್ನು ಗುರುತಿಸಲು ನೆರವಾಗುತ್ತವೆ.

ಈ ಹಂತಗಳಿಂದಾಗಿ ವರದಿ ಬರಲು ಕೆಲವು ದಿನಗಳಿಂದ ಎರಡು ವಾರಗಳವರೆಗೆ ಹಿಡಿಯಬಹುದು. ಹೆಚ್ಚುವರಿ ಬಣ್ಣಗಳು ಅಥವಾ ಎರಡನೆಯ ತಜ್ಞರ ಅಭಿಪ್ರಾಯ ಬೇಕಾದಾಗ ಇನ್ನಷ್ಟು ತಡವಾಗುತ್ತದೆ. ವರದಿ ತಡವಾದುದನ್ನು ಕ್ಯಾನ್ಸರಿನ ಸೂಚನೆಯೆಂದು ತಿಳಿಯಬೇಕಾಗಿಲ್ಲ.

ವರದಿಯ ಭಾಗಗಳು

ಭಾರತದಲ್ಲಿ ಬಯಾಪ್ಸಿ ವರದಿಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ. ರೋಗಿಯ ಹೆಸರು, ತುಣುಕಿನ ಕ್ರಮಸಂಖ್ಯೆ ಮತ್ತು ದೇಹದ ಜಾಗ ಮೊದಲಲ್ಲಿ ಬರುತ್ತವೆ. 'ಗ್ರಾಸ್' ಎಂಬ ಭಾಗದಲ್ಲಿ ಬರಿಗಣ್ಣಿಗೆ ಕಂಡ ತುಣುಕಿನ ಅಳತೆ ಮತ್ತು ಬಣ್ಣದ ವಿವರವಿರುತ್ತದೆ. 'ಮೈಕ್ರೋಸ್ಕೋಪಿ' ಎಂಬ ಭಾಗದಲ್ಲಿ ಸೂಕ್ಷ್ಮದರ್ಶಕದಲ್ಲಿ ಕಂಡುದನ್ನು ಪದರಪದರವಾಗಿ ವರ್ಣಿಸಲಾಗಿರುತ್ತದೆ. 'ಇಂಪ್ರೆಶನ್' ಅಥವಾ 'ಡಯಾಗ್ನೋಸಿಸ್' ಎಂಬ ಭಾಗದಲ್ಲಿ ನಿರ್ಣಯವಿರುತ್ತದೆ. ಕೊನೆಯಲ್ಲಿ ಟಿಪ್ಪಣಿಯೊಂದು ಇರಬಹುದು.

ನಿರ್ಣಯದ ಭಾಷೆಯಲ್ಲಿ ಖಚಿತತೆಯ ಮಟ್ಟಗಳಿವೆ. ಕಾಯಿಲೆಯ ಹೆಸರನ್ನಷ್ಟೇ ಬರೆದಿದ್ದರೆ ಅದು ಖಚಿತ ನಿರ್ಣಯ. 'ಕನ್ಸಿಸ್ಟೆಂಟ್ ವಿತ್' ಎಂದರೆ ಕಂಡ ಬದಲಾವಣೆಗಳು ಆ ಕಾಯಿಲೆಗೆ ಹೊಂದುತ್ತವೆ ಎಂದರ್ಥ. 'ಸಜೆಸ್ಟಿವ್ ಆಫ್' ಎಂದರೆ ಆ ಕಾಯಿಲೆಯತ್ತ ಒಲವಿದೆ, ಆದರೆ ಪುರಾವೆ ಪೂರ್ಣವಲ್ಲ. 'ನಾನ್-ಸ್ಪೆಸಿಫಿಕ್' ಎಂದರೆ ಹಲವು ಕಾಯಿಲೆಗಳಲ್ಲಿ ಕಾಣಬಹುದಾದ ಬದಲಾವಣೆಗಳು ಮಾತ್ರ ಇವೆ ಎಂದರ್ಥ, ಕಾಯಿಲೆಯೇ ಇಲ್ಲವೆಂದಲ್ಲ. 'ಕ್ಲಿನಿಕಲ್ ಕೋರಿಲೇಶನ್' ಸೂಚಿಸಿದ್ದರೆ ಸ್ಲೈಡಿನಲ್ಲಿ ಕಂಡುದನ್ನು ರೋಗಿಯ ಲಕ್ಷಣಗಳೊಂದಿಗೆ ತಾಳೆ ನೋಡುವಂತೆ ಚಿಕಿತ್ಸಕ ವೈದ್ಯರನ್ನು ಕೋರಲಾಗಿದೆ.

ಪಾಸಿಟಿವ್ ಮತ್ತು ನೆಗೆಟಿವ್ ಎಂಬ ಪದಗಳೂ ಗೊಂದಲಕ್ಕೆ ಎಡೆಮಾಡುತ್ತವೆ. ವರದಿಯಲ್ಲಿ 'ಪಾಸಿಟಿವ್' ಎಂದರೆ ಹುಡುಕಿದ್ದು ಸಿಕ್ಕಿತು ಎಂದರ್ಥವೇ ಹೊರತು ಶುಭವೆಂದಲ್ಲ. ಅಂಚು ಪಾಸಿಟಿವ್ ಎಂದರೆ ಕತ್ತರಿಸಿದ ಅಂಚಿನಲ್ಲಿ ಗಡ್ಡೆಯ ಜೀವಕೋಶಗಳಿವೆ ಎಂದು ತಿಳಿಯಬೇಕು.

ಉರಿಯೂತದ ಕಾಯಿಲೆಗಳ ವರದಿ

ದದ್ದುಗಳಲ್ಲಿ ರೋಗಶಾಸ್ತ್ರಜ್ಞರು ಹುಡುಕುವುದು ಬದಲಾವಣೆಗಳ ವಿನ್ಯಾಸವನ್ನು. ಇಸುಬಿನಲ್ಲಿ ಹೊರಚರ್ಮದ ಜೀವಕೋಶಗಳ ನಡುವೆ ದ್ರವ ತುಂಬಿ ಅದು ಸ್ಪಂಜಿನಂತೆ ಕಾಣುತ್ತದೆ. ಇದಕ್ಕೆ ಸ್ಪಂಜಿಯೋಸಿಸ್ ಎನ್ನುತ್ತಾರೆ. ಸೋರಿಯಾಸಿಸ್‌ನಲ್ಲಿ ಹೊರಚರ್ಮ ದಪ್ಪಗಾಗಿ, ಅದರ ಮೇಲ್ಪದರದಲ್ಲಿ ಬಿಳಿರಕ್ತಕಣಗಳ ಸಣ್ಣ ಗುಂಪುಗಳು ಕಾಣುತ್ತವೆ. ಲೈಕನ್ ಪ್ಲಾನಸ್‌ನಲ್ಲಿ ಹೊರಚರ್ಮದ ತಳಭಾಗ ಗರಗಸದ ಹಲ್ಲುಗಳಂತಾಗಿ, ಅದರ ಕೆಳಗೆ ಲಿಂಫೋಸೈಟ್‌ಗಳು ಪಟ್ಟಿಯಂತೆ ಸಾಲುಗಟ್ಟಿರುತ್ತವೆ.

ನೀರುಗುಳ್ಳೆಯ ಕಾಯಿಲೆಗಳಲ್ಲಿ ಬಯಾಪ್ಸಿಯ ಉಪಯೋಗ ವಿಶೇಷವಾಗಿ ಸ್ಪಷ್ಟ. ಪೆಂಫಿಗಸ್‌ನಲ್ಲಿ ಗುಳ್ಳೆಯು ಹೊರಚರ್ಮದ ಒಳಗೇ ಹುಟ್ಟುತ್ತದೆ. ಇಮ್ಯುನೋಫ್ಲೋರೆಸೆನ್ಸ್‌ನಲ್ಲಿ ಪ್ರತಿಕಾಯಗಳು ಜೀವಕೋಶಗಳ ಸುತ್ತ ಮೀನಿನ ಬಲೆಯಂತೆ ಹೊಳೆಯುತ್ತವೆ. ಬುಲ್ಲಸ್ ಪೆಂಫಿಗಾಯ್ಡ್‌ನಲ್ಲಿ ಗುಳ್ಳೆಯು ಹೊರಚರ್ಮದ ಕೆಳಗೆ ಹುಟ್ಟಿ, ಪ್ರತಿಕಾಯಗಳು ತಳಪೊರೆಯುದ್ದಕ್ಕೂ ಗೆರೆಯಂತೆ ಕಾಣುತ್ತವೆ. ನೋಟಕ್ಕೆ ಹೋಲುವ ಈ ಎರಡು ಕಾಯಿಲೆಗಳ ಗತಿ ಮತ್ತು ಚಿಕಿತ್ಸೆ ಭಿನ್ನವಾಗಿರುವುದರಿಂದ ಈ ವ್ಯತ್ಯಾಸವನ್ನು ಗುರುತಿಸುವುದು ಅಗತ್ಯ.

ಗಡ್ಡೆಗಳ ವರದಿ

ಗಡ್ಡೆಯ ವರದಿಯಲ್ಲಿ 'ಬಿನೈನ್' ಎಂದರೆ ನಿರಪಾಯಕಾರಿ, 'ಮ್ಯಾಲಿಗ್ನಂಟ್' ಎಂದರೆ ಕ್ಯಾನ್ಸರ್ ಸ್ವರೂಪದ್ದು. ಇವೆರಡರ ನಡುವೆ ಕೆಲವು ಹಂತಗಳಿವೆ. 'ಅಟಿಪಿಯ' ಅಥವಾ 'ಡಿಸ್‌ಪ್ಲೇಸಿಯ' ಎಂದರೆ ಜೀವಕೋಶಗಳ ರೂಪ ಸಹಜವಾಗಿಲ್ಲ ಎಂದರ್ಥ. ಇದು ಕ್ಯಾನ್ಸರ್ ಎಂಬುದಕ್ಕೆ ಸಮಾನವಲ್ಲ. 'ಇನ್ ಸಿಟು' ಎಂದರೆ ಕ್ಯಾನ್ಸರ್ ಜೀವಕೋಶಗಳಿದ್ದರೂ ಅವು ತಳಪೊರೆಯನ್ನು ದಾಟದೆ ಹೊರಚರ್ಮದಲ್ಲಿಯೇ ಇವೆ ಎಂದರ್ಥ. 1912ರಲ್ಲಿ ಜಾನ್ ಬೋವೆನ್ ವಿವರಿಸಿದ ಬೋವೆನ್ ಕಾಯಿಲೆ ಇದಕ್ಕೆ ಉದಾಹರಣೆ. ಹೊರಚರ್ಮದಲ್ಲಿ ರಕ್ತನಾಳಗಳಿಲ್ಲದ ಕಾರಣ ಈ ಹಂತದಲ್ಲಿ ಗಡ್ಡೆ ಬೇರೆಡೆಗೆ ಹರಡಲು ದಾರಿಯಿಲ್ಲ. ಪೂರ್ಣವಾಗಿ ತೆಗೆದರೆ ಗುಣವಾಗುತ್ತದೆ. 'ಇನ್‌ವೇಸಿವ್' ಎಂದರೆ ಗಡಿಯನ್ನು ದಾಟಿದೆ ಎಂದರ್ಥ.

ಚರ್ಮದ ಕ್ಯಾನ್ಸರುಗಳೆಲ್ಲವೂ ಒಂದೇ ತೆರನಲ್ಲ. ಬೇಸಲ್ ಸೆಲ್ ಕಾರ್ಸಿನೋಮ ನಿಧಾನವಾಗಿ ಬೆಳೆಯುತ್ತದೆ, ಸುತ್ತಲಿನ ಅಂಗಾಂಶವನ್ನು ಕೊರೆಯುತ್ತದೆ, ಆದರೆ ದೂರದ ಅಂಗಗಳಿಗೆ ಹರಡುವುದು ಅತಿ ವಿರಳ. ಸ್ಕ್ವಾಮಸ್ ಸೆಲ್ ಕಾರ್ಸಿನೋಮ ದುಗ್ಧಗ್ರಂಥಿಗಳಿಗೆ ಹರಡಬಲ್ಲದು. ಹಳೆಯ ಸುಟ್ಟಗಾಯದ ಕಲೆಗಳಲ್ಲಿ ಮತ್ತು ದೀರ್ಘಕಾಲದ ಹುಣ್ಣುಗಳಲ್ಲಿ ಹುಟ್ಟುವ ಕ್ಯಾನ್ಸರ್ ಹೆಚ್ಚಾಗಿ ಈ ಬಗೆಯದು. ಮೆಲನೋಮ ಇವುಗಳಿಗಿಂತ ಬೇಗ ಹರಡುವ ಸ್ವಭಾವದ್ದು.

ಮೆಲನೋಮದ ವರದಿಯಲ್ಲಿ ಬ್ರೆಸ್ಲೋ ದಪ್ಪ ಅತಿ ಮುಖ್ಯವಾದ ಸಂಖ್ಯೆ. ಹೊರಚರ್ಮದ ಕಣಪದರದ ಮೇಲ್ಭಾಗದಿಂದ ಗಡ್ಡೆಯ ಅತ್ಯಂತ ಆಳದ ಜೀವಕೋಶದವರೆಗಿನ ಅಂತರವನ್ನು ಮಿಲಿಮೀಟರಿನಲ್ಲಿ ಅಳೆಯಲಾಗುತ್ತದೆ. ಗಡ್ಡೆಯ ಹಂತವನ್ನು ಗೊತ್ತುಪಡಿಸುವಾಗ 1 ಮಿಲಿಮೀಟರಿನವರೆಗೆ ಟಿ1, 1ರಿಂದ 2ರವರೆಗೆ ಟಿ2, 2ರಿಂದ 4ರವರೆಗೆ ಟಿ3, 4ಕ್ಕಿಂತ ಹೆಚ್ಚಿದ್ದರೆ ಟಿ4 ಎಂದು ವಿಂಗಡಿಸಲಾಗುತ್ತದೆ. ಮೇಲ್ಮೈ ಹುಣ್ಣಾಗಿದೆಯೇ ಎಂಬುದನ್ನೂ ದಾಖಲಿಸಲಾಗುತ್ತದೆ. ಮುಂದಿನ ಶಸ್ತ್ರಚಿಕಿತ್ಸೆಯಲ್ಲಿ ಎಷ್ಟು ಅಗಲದ ಚರ್ಮವನ್ನು ತೆಗೆಯಬೇಕು, ದುಗ್ಧಗ್ರಂಥಿಯ ಪರೀಕ್ಷೆ ಬೇಕೇ ಎಂಬ ತೀರ್ಮಾನಗಳಿಗೆ ಈ ಅಳತೆಯೇ ಆಧಾರ. ಒಂದು ಮಿಲಿಮೀಟರಿನ ವ್ಯತ್ಯಾಸವೂ ಚಿಕಿತ್ಸೆಯ ದಾರಿಯನ್ನು ಬದಲಿಸಬಲ್ಲದು.

ಅಂಚುಗಳ ವಿವರವನ್ನು ಓದುವಾಗ ಬಯಾಪ್ಸಿಯ ವಿಧವನ್ನು ನೆನಪಿಡಬೇಕು. ರೋಗನಿರ್ಣಯಕ್ಕಾಗಿ ಗಡ್ಡೆಯ ಮಧ್ಯದಿಂದ ತೆಗೆದ ಪಂಚ್ ತುಣುಕಿನ ಅಂಚಿನಲ್ಲಿ ಗಡ್ಡೆ ಇರುವುದು ಸಹಜ. ಅದು ಚಿಕಿತ್ಸೆಯ ವೈಫಲ್ಯವಲ್ಲ. ಇಡಿಯಾಗಿ ತೆಗೆದ ಗಡ್ಡೆಯ ಅಂಚಿನಲ್ಲಿ ಜೀವಕೋಶಗಳು ಉಳಿದಿದ್ದರೆ ಮಾತ್ರ ಮತ್ತೊಮ್ಮೆ ಶಸ್ತ್ರಚಿಕಿತ್ಸೆಯ ಪ್ರಶ್ನೆ ಏಳುತ್ತದೆ.

ಕುಷ್ಠರೋಗದಲ್ಲಿ ಬಯಾಪ್ಸಿ

ಕುಷ್ಠರೋಗವನ್ನು ಮುಖ್ಯವಾಗಿ ಸ್ಪರ್ಶಜ್ಞಾನವಿಲ್ಲದ ಕಲೆ, ದಪ್ಪಗಾದ ನರ ಮತ್ತು ಚರ್ಮದ ಸ್ಮಿಯರ್ ಪರೀಕ್ಷೆಯಲ್ಲಿ ಕಾಣುವ ಬ್ಯಾಕ್ಟೀರಿಯಾ ಇವುಗಳಿಂದ ಗುರುತಿಸಲಾಗುತ್ತದೆ. ಎಲ್ಲ ರೋಗಿಗಳಿಗೂ ಬಯಾಪ್ಸಿ ಬೇಕಿಲ್ಲ. ಆದರೆ ರೋಗಕಾರಕ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದ ಕೃತಕ ಮಾಧ್ಯಮದಲ್ಲಿ ಬೆಳೆಸಲು ಸಾಧ್ಯವಿಲ್ಲದ ಕಾರಣ, ಸಂಶಯಾಸ್ಪದ ಸಂದರ್ಭಗಳಲ್ಲಿ ಬಯಾಪ್ಸಿಗೆ ಬೆಲೆಯಿದೆ.

ರೋಗಿಯ ರೋಗನಿರೋಧಕ ಶಕ್ತಿಗೆ ತಕ್ಕಂತೆ ಸ್ಲೈಡಿನ ಚಿತ್ರ ಬದಲಾಗುತ್ತದೆ. ರೋಗನಿರೋಧಕ ಪ್ರತಿಕ್ರಿಯೆ ಪ್ರಬಲವಾಗಿರುವ ಟ್ಯೂಬರ್ಕ್ಯುಲಾಯ್ಡ್ ಬಗೆಯಲ್ಲಿ ನರಗಳನ್ನು ಸುತ್ತುವರಿದು ನಾಶಮಾಡುವ ಗ್ರ್ಯಾನುಲೋಮ ಎಂಬ ಜೀವಕೋಶಗಳ ಗುಂಪುಗಳಿರುತ್ತವೆ. ಬ್ಯಾಕ್ಟೀರಿಯಾಗಳು ಕಾಣಸಿಗುವುದೇ ಕಷ್ಟ. ಲೆಪ್ರೊಮ್ಯಾಟಸ್ ಬಗೆಯಲ್ಲಿ ನೊರೆಯಂತೆ ಕಾಣುವ ಜೀವಕೋಶಗಳ ತುಂಬ ಬ್ಯಾಕ್ಟೀರಿಯಾಗಳಿರುತ್ತವೆ. ಆದ್ದರಿಂದ 'ಬ್ಯಾಕ್ಟೀರಿಯಾ ಕಂಡಿಲ್ಲ' ಎಂಬ ವರದಿಯಿಂದ ಕುಷ್ಠರೋಗವಿಲ್ಲ ಎಂದು ಹೇಳಲಾಗದು. ಕಾಯಿಲೆ ದೃಢಪಟ್ಟರೂ ಅದು ಬಹೌಷಧ ಚಿಕಿತ್ಸೆಯಿಂದ ಗುಣವಾಗುವಂಥದು. ಭಾರತದಲ್ಲಿ ಈ ಚಿಕಿತ್ಸೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಬೇಗ ಗುರುತಿಸಿದಷ್ಟೂ ಕೈಕಾಲುಗಳ ಅಂಗವೈಕಲ್ಯವನ್ನು ತಡೆಯುವ ಅವಕಾಶ ಹೆಚ್ಚು.

ಮಿತಿಗಳು

ಚರ್ಮದ ಪ್ರತಿಕ್ರಿಯೆಗಳ ವಿನ್ಯಾಸಗಳು ಸೀಮಿತ. ಅವುಗಳನ್ನು ಹುಟ್ಟಿಸುವ ಕಾರಣಗಳು ಹಲವು. ಔಷಧಿಯ ಅಲರ್ಜಿ ಮತ್ತು ವೈರಸ್ ಸೋಂಕಿನ ದದ್ದು ಸ್ಲೈಡಿನಲ್ಲಿ ಒಂದೇ ರೀತಿ ಕಾಣಬಹುದು. ಇಸುಬು ಸಂಪರ್ಕದಿಂದ ಬಂದದ್ದೋ ವಂಶಪಾರಂಪರ್ಯದ ಪ್ರವೃತ್ತಿಯಿಂದ ಬಂದದ್ದೋ ಎಂಬುದನ್ನು ಬಯಾಪ್ಸಿ ಬಹುಪಾಲು ಹೇಳಲಾರದು.

ಕೆಲವು ಕಾಯಿಲೆಗಳು ಆರಂಭದಲ್ಲಿ ತಮ್ಮ ಗುರುತು ಬಿಟ್ಟುಕೊಡುವುದಿಲ್ಲ. ಮೈಕೋಸಿಸ್ ಫಂಗಾಯ್ಡಿಸ್ ಎಂಬುದು ಹೆಸರಿನಲ್ಲಿ ಶಿಲೀಂಧ್ರದ ಸೂಚನೆಯಿದ್ದರೂ ವಾಸ್ತವವಾಗಿ ಲಿಂಫೋಸೈಟ್‌ಗಳ ಒಂದು ಕ್ಯಾನ್ಸರ್. ಅದು ವರ್ಷಗಳ ಕಾಲ ಇಸುಬಿನಂತೆ ತೋರಬಹುದು; ನಿರ್ಣಯಕ್ಕೆ ಬೇರೆ ಬೇರೆ ಕಾಲದಲ್ಲಿ ಹಲವು ಬಯಾಪ್ಸಿಗಳು ಬೇಕಾಗುವುದುಂಟು. ವರದಿಯು ರೋಗಿಯ ಲಕ್ಷಣಗಳಿಗೆ ಹೊಂದದಿದ್ದಾಗ ಸ್ಲೈಡನ್ನು ಮತ್ತೊಬ್ಬ ತಜ್ಞರಿಂದ ಓದಿಸುವುದು, ಬ್ಲಾಕಿನಿಂದ ಇನ್ನಷ್ಟು ಆಳದ ಹಾಳೆಗಳನ್ನು ಸೀಳಿಸುವುದು ಅಥವಾ ಹೊಸ ಜಾಗದಿಂದ ಬಯಾಪ್ಸಿ ಮಾಡುವುದು ರೂಢಿಯಲ್ಲಿದೆ. ಮತ್ತೊಮ್ಮೆ ಬಯಾಪ್ಸಿ ಮಾಡಬೇಕಾಗಿ ಬಂದ ಮಾತ್ರಕ್ಕೆ ಮೊದಲನೆಯದರಲ್ಲಿ ತಪ್ಪಾಗಿದೆ ಎಂದೇನಲ್ಲ.

ಗಾಯದ ಆರೈಕೆ ಮತ್ತು ತೊಡಕುಗಳು

ಬಯಾಪ್ಸಿಯ ಗಾಯವನ್ನು ಮೊದಲ ದಿನ ಒದ್ದೆಯಾಗದಂತೆ ನೋಡಿಕೊಂಡು, ಆನಂತರ ವೈದ್ಯರ ಸೂಚನೆಯಂತೆ ಶುಚಿಗೊಳಿಸಿ, ಮುಲಾಮು ಹಚ್ಚಿ ಮುಚ್ಚಲಾಗುತ್ತದೆ. ಹೊಲಿಗೆಗಳನ್ನು ಮುಖದಲ್ಲಿ ಸುಮಾರು 5ರಿಂದ 7 ದಿನಗಳಲ್ಲಿ, ಕೈಕಾಲುಗಳಲ್ಲಿ ಸುಮಾರು 10ರಿಂದ 14 ದಿನಗಳಲ್ಲಿ ಬಿಚ್ಚಲಾಗುತ್ತದೆ. ರಕ್ತ ಒಸರಿದರೆ ಶುಭ್ರವಾದ ಬಟ್ಟೆಯಿಂದ 10ರಿಂದ 15 ನಿಮಿಷ ಬಿಡದೆ ಒತ್ತಿಹಿಡಿಯುವುದು ಸಾಮಾನ್ಯವಾಗಿ ಸಾಕಾಗುತ್ತದೆ. ಅರಿಶಿನದ ಪುಡಿ, ಸುಣ್ಣ ಅಥವಾ ಎಲೆಗಳ ರಸವನ್ನು ತೆರೆದ ಗಾಯಕ್ಕೆ ಹಚ್ಚುವುದು ಸೂಕ್ತವಲ್ಲ. ಹೆಚ್ಚುತ್ತಿರುವ ನೋವು, ಕೆಂಪಾಗುವಿಕೆ, ಕೀವು ಅಥವಾ ಜ್ವರ ಸೋಂಕಿನ ಲಕ್ಷಣಗಳು. ಇವು ಕಂಡಾಗ ವೈದ್ಯರನ್ನು ಕಾಣಬೇಕು.

ಪ್ರತಿಯೊಂದು ಬಯಾಪ್ಸಿಯೂ ಸಣ್ಣ ಕಲೆಯನ್ನು ಉಳಿಸುತ್ತದೆ. ಎದೆ, ಭುಜ ಮತ್ತು ಬೆನ್ನಿನ ಮೇಲ್ಭಾಗದಲ್ಲಿ ಕಲೆ ಉಬ್ಬಿ ಕೀಲಾಯ್ಡ್ ಆಗುವ ಸಾಧ್ಯತೆ ಹೆಚ್ಚು. ಮೊಣಕಾಲಿನ ಕೆಳಭಾಗದಲ್ಲಿ, ವಿಶೇಷವಾಗಿ ಮಧುಮೇಹವಿರುವವರಲ್ಲಿ, ಗಾಯ ಮಾಯಲು ಹೆಚ್ಚು ಕಾಲ ಬೇಕಾಗುತ್ತದೆ.

ತಪ್ಪು ಕಲ್ಪನೆಗಳು

ಗಡ್ಡೆಗೆ ಕತ್ತರಿ ತಾಗಿಸಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎಂಬ ಭಯ ವ್ಯಾಪಕವಾಗಿದೆ. ಚರ್ಮದ ಬಯಾಪ್ಸಿಯ ವಿಷಯದಲ್ಲಿ ಈ ನಂಬಿಕೆಗೆ ಆಧಾರವಿಲ್ಲ. ಮೆಲನೋಮದ ಒಂದು ಭಾಗವನ್ನಷ್ಟೇ ಬಯಾಪ್ಸಿ ಮಾಡಿದವರ ಆಯಸ್ಸು ಅದರಿಂದಾಗಿ ಕುಗ್ಗಿರುವುದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಅಪಾಯವಿರುವುದು ಈ ಭಯದಿಂದ ಪರೀಕ್ಷೆಯನ್ನು ಮುಂದೂಡುವುದರಲ್ಲಿ. ಆ ಅವಧಿಯಲ್ಲಿ ಗಡ್ಡೆ ಆಳಕ್ಕೆ ಇಳಿಯುತ್ತದೆ.

ಬಯಾಪ್ಸಿ ಮಾಡಿಸಿದರೆ ಚಿಕಿತ್ಸೆ ಮುಗಿದಂತೆ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಗಾಯ ಮಾಯ್ದ ನಂತರ ವರದಿಯನ್ನು ಪಡೆಯದೆ ಉಳಿದರೆ, ಮೇಲ್ಭಾಗವನ್ನು ಮಾತ್ರ ತೆಗೆದ ಗಡ್ಡೆಯ ಉಳಿದ ಅಂಶ ಚರ್ಮದೊಳಗೆ ಬೆಳೆಯುತ್ತಿರಬಹುದು.

ವರದಿ ಮತ್ತು ಬ್ಲಾಕಿನ ಸಂರಕ್ಷಣೆ

ಮೇಣದ ಬ್ಲಾಕು ಮತ್ತು ಸ್ಲೈಡುಗಳನ್ನು ಪ್ರಯೋಗಾಲಯಗಳು ವರ್ಷಗಳ ಕಾಲ ಕಾಪಾಡುತ್ತವೆ. ಊರು ಅಥವಾ ಆಸ್ಪತ್ರೆ ಬದಲಾಯಿಸಿದ ರೋಗಿಯು ವರದಿಯ ಪ್ರತಿಯನ್ನೂ ತುಣುಕಿನ ಕ್ರಮಸಂಖ್ಯೆಯನ್ನೂ ಇಟ್ಟುಕೊಂಡಿದ್ದರೆ, ಹೊಸ ತಜ್ಞರು ಅದೇ ಬ್ಲಾಕಿನಿಂದ ಹೆಚ್ಚುವರಿ ಪರೀಕ್ಷೆಗಳನ್ನು ನಡೆಸಲು ಸಾಧ್ಯವಾಗುತ್ತದೆ. ಹಲವು ವೇಳೆ ಮತ್ತೊಂದು ಬಯಾಪ್ಸಿಯ ಅಗತ್ಯವೇ ತಪ್ಪುತ್ತದೆ. ತೆಗೆದ ದಿನಾಂಕ ಮತ್ತು ಜಾಗದ ಗುರುತು, ಸಾಧ್ಯವಾದರೆ ಬಯಾಪ್ಸಿಗೆ ಮುನ್ನ ತೆಗೆದ ಛಾಯಾಚಿತ್ರ, ವರದಿಯೊಂದಿಗೆ ಇದ್ದರೆ ಮುಂದಿನ ಚಿಕಿತ್ಸೆಗೆ ನೆರವಾಗುತ್ತದೆ.